ಸೇನೆಯ ಅಂಕಿಯ ವಾಲ್ವುಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹಳೆಯ ರೇಡಿಯೋಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸವುಳ್ಳ ನಾವು ಇಂದು ತಮ್ಮೆದುರು ಒಂದು ಸಣ್ಣ ವಿಷಯವನ್ನು ನಿವೇದಿಸಲು ನಿಂತಿದ್ದೇವೆ. ಗುಜರಿ ಅಂಗಡಿಯ ಮೂಲೆಯಲ್ಲಿಯೋ, ತೀರಿಹೋದ ಹಿರಿಯರ ಪೆಟ್ಟಿಗೆಯಲ್ಲಿಯೋ ರೇಡಿಯೋ ವಾಲ್ವುಗಳು ದೊರೆಯುವುದುಂಟು. ಅವುಗಳ ಮೇಲೆ ಪೇಟೆಯ ಹೆಸರಿಲ್ಲದೆ ‘ಸಿ.ವಿ.’ ಎಂದೋ ‘ವಿ.ಟಿ.’ ಎಂದೋ ಬರೆದು ಮುಂದೆ ನಾಲ್ಕಾರು ಅಂಕಿಗಳಿದ್ದರೆ, ಇದೇನೆಂದು ತಿಳಿಯದೆ ಎಸೆದುಬಿಡುವವರೇ ಹೆಚ್ಚು. ಎಸೆದುದು ಅತ್ಯುತ್ತಮವಾದ ವಾಲ್ವೇ ಆಗಿದ್ದೀತು; ಹೆಸರು ಮಾತ್ರ ಸೇನೆಯದು.

ಸೊಲ್ಲಾಪುರವು ಮರಾಠಿಯಲ್ಲಿ ಸೋಲಾಪುರ. ಆದವಾನಿಯು ತೆಲುಗಿನಲ್ಲಿ ಆದೋನಿ. ಒಂದೇ ಊರಿಗೆ ಎರಡು ಹೆಸರಿರುವುದು ಗಡಿಯವರಾದ ನಮಗೆ ಹೊಸತಲ್ಲವಷ್ಟೆ! ಫಿಲಿಪ್ಸ್ ಸಂಸ್ಥೆಯ ಇ.ಎಫ್. ೫೦ ಎಂಬ ವಾಲ್ವಿನ ಗತಿಯೂ ಅದೇ. ಬ್ರಿಟಿಷ್ ವಾಯುಸೇನೆ ಅದನ್ನು ವಿ.ಆರ್. ೯೧ ಎಂದು ಕರೆಯಿತು, ಭೂಸೇನೆ ಎ.ಆರ್.ಪಿ. ೩೫ ಎಂದಿತು. ಮುಂದೆ ಎಲ್ಲ ಸೇನೆಗಳಿಗೂ ಸಮಾನವಾದ ಪಟ್ಟಿಯಲ್ಲಿ ಅದು ಸಿ.ವಿ. ೧೦೯೧ ಆಯಿತು. ವಾಯುಸೇನೆಯ ಅಂಕಿಗೆ ಒಂದು ಸಾವಿರ ಕೂಡಿಸಿರುವುದನ್ನು ತಾವು ಗಮನಿಸಬಹುದು, ವಿ.ಆರ್. ೬೫ ಕೂಡ ಹೀಗೆಯೇ ಸಿ.ವಿ. ೧೦೬೫. ಈ ಇ.ಎಫ್. ೫೦ ರೇಡಾರ್ ಯಂತ್ರಗಳ ಜೀವಾಳವಾಗಿದ್ದಿತು. ೧೯೪೦ರ ಮೇ ತಿಂಗಳಲ್ಲಿ ಜರ್ಮನರು ಹಾಲೆಂಡಿಗೆ ನುಗ್ಗುವ ಮುನ್ನ ಅಲ್ಲಿಂದ ಈ ವಾಲ್ವುಗಳನ್ನು ಅವಸರದಲ್ಲಿ ಇಂಗ್ಲೆಂಡಿಗೆ ಸಾಗಿಸಿದರೆಂದರೆ ಅದರ ಬೆಲೆಯನ್ನು ಊಹಿಸಬಹುದು.

ಅಮೆರಿಕದವರದು ಸುಲಭ. ‘ಜೆ.ಎ.ಎನ್.’ ಎಂದಿದ್ದರೆ ಅಲ್ಲಿನ ಭೂಸೇನೆ ನೌಕಾಸೇನೆಗಳ ಕೂಡುಮುದ್ರೆ. ಮುಂದಿನ ಮೂರಕ್ಷರ ತಯಾರಕರ ಗುರುತು: ಸಿ.ಆರ್.ಸಿ. ಎಂದರೆ ಆರ್.ಸಿ.ಎ., ಸಿ.ಎಚ್.ಎಸ್. ಎಂದರೆ ಸಿಲ್ವೇನಿಯಾ. ಅನಂತರ ಬರುವುದೇ ಪೇಟೆಯ ಹೆಸರು. ಅದಕ್ಕೂ ಹಿಂದಿನ ವಿ.ಟಿ. ಅಂಕಿಗಳಿಗೆ ಮಾತ್ರ ಪಟ್ಟಿ ಬೇಕು, ವಿ.ಟಿ. ೨೩೧ ಎಂಬುದು ೬ಎಸ್‌ಎನ್೭.

ಸಂಗೀತದ ಆಂಪ್ಲಿಫೈಯರುಗಳಿಗಾಗಿ ಇಂದಿಗೂ ಜನ ಹುಡುಕುವ ಇ.ಸಿ.ಸಿ. ೮೩ ಸೇನೆಯಲ್ಲಿ ಸಿ.ವಿ. ೪೯೨. ಕುಲುಕಾಟವನ್ನು ತಾಳುವಂತೆ ಮಾಡಿದ ಗಟ್ಟಿ ರೂಪ ಸಿ.ವಿ. ೪೦೦೪. ಇದನ್ನು ಒಂದು ಚಹದ ಬೆಲೆಗೆ ಮಾರುವುದು ನಮ್ಮ ಎಣಿಕೆಯಲ್ಲಿ ಅನ್ಯಾಯವೇ ಸರಿ.

ಇಲ್ಲೊಂದು ಎಚ್ಚರಿಕೆ. ಸಿ.ವಿ. ೧೯೮೮ ಎಂಬುದು ೬ಎಸ್‌ಎನ್೭ ವಾಲ್ವೇ. ಸಿ.ವಿ. ೧೮೧ ಅದರ ದಾಯಾದಿಯಂತೆ ತೋರುವುದು. ಕಾಲುಗಳ ಜೋಡಣೆಯೂ ಒಂದೇ. ಆದರೆ ಅದು ಇ.ಸಿ.ಸಿ. ೩೨. ಮೊದಲನೆಯದರ ಹೀಟರಿಗೆ ೦.೬ ಆಂಪಿಯರ್ ಸಾಕು, ಇದಕ್ಕೆ ೦.೯೫ ಬೇಕು. ಎರಡನ್ನು ಬದಲಿಸಿದರೆ ಮುದಿ ಟ್ರಾನ್ಸ್‌ಫಾರ್ಮರಿನ ಮೇಲೆ ೦.೭ ಆಂಪಿಯರ್ ಹೆಚ್ಚಿನ ಹೊರೆ. ರಿಪೇರಿಗೆ ಬಂದ ರೇಡಿಯೋ ಸುಟ್ಟುಹೋದೀತು. ಇತ್ತೀಚೆಗೆ ಚೀನದಲ್ಲಿ ಇದೇ ಹೆಸರಿನಲ್ಲಿ ತಯಾರಾಗುವವು ಗುಣದಲ್ಲಿ ೬ಎಸ್‌ಎನ್೭ ಆಗಿರುವುದರಿಂದ ಗೊಂದಲ ಇಮ್ಮಡಿಸಿದೆ.

ರಟ್ಟಿನ ಪೆಟ್ಟಿಗೆಯಿದ್ದರೆ ಅದನ್ನೂ ಉಳಿಸಿಕೊಳ್ಳಬೇಕು. ಅದರ ಮೇಲೆ ೫೯೬೦ ಎಂದಿದ್ದರೆ ಒಳಗಿನದು ವಾಲ್ವು. ಮುಂದಿನ ೯೯ ಬ್ರಿಟನ್ನಿನ ಗುರುತು. ಎಷ್ಟೋ ಪೆಟ್ಟಿಗೆಗಳಲ್ಲಿ ಕೊನೆಯ ನಾಲ್ಕು ಅಂಕಿಗಳೇ ಸಿ.ವಿ. ಸಂಖ್ಯೆ.

ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ೧೯೬೧ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ‘ಬಿ.ಇ.ಎಲ್.’ ಮುದ್ರೆಯವು ಸಿಕ್ಕರೆ ತಾಯ್ನಾಡಿನ ಕೈಕೆಲಸವೆಂದು ಬೇರೆಯಾಗಿ ತೆಗೆದಿಡಿ.

ಕಡೆಯದಾಗಿ, ಧೂಳು ಕಂಡೊಡನೆ ಗಾಜನ್ನು ಒದ್ದೆಬಟ್ಟೆಯಿಂದ ಒರೆಸಬಾರದು. ಬೆರಳು ತಾಗಿದರೂ ಅಳಿಸುವ ಬಣ್ಣವದು. ಅಕ್ಷರ ಮಾಸಿದ್ದರೆ ಬಾಯಿಂದ ಮೆಲ್ಲನೆ ಆವಿಯೂದಿ ಓರೆ ಬೆಳಕಿನಲ್ಲಿ ನೋಡಿರಿ. ಒಮ್ಮೊಮ್ಮೆ ಅಂಕಿಗಳು ಕ್ಷಣಕಾಲ ಮೂಡುವುವು. ಆಗಲೇ ಬರೆದುಕೊಳ್ಳಬೇಕು.