ಬಿಡುಗಡೆಗೆ ನೆರಳಾದ ಮನೆಗಳು



ಆಗಸ್ಟ್ 15 ನಮಗೆ ಇಮ್ಮಡಿ ಹಬ್ಬ. ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬ, ಜೊತೆಗೆ ದೇಶದ ಸ್ವಾತಂತ್ರ್ಯದ ಹಬ್ಬ. ಬಲಿಪೂಜೆ ಮುಗಿದ ಕೂಡಲೇ ಅಂಗಳದಲ್ಲಿ ಧ್ವಜ ಏರುತ್ತದೆ. ಅಂಗಳದಲ್ಲಿ ಏರುವ ಧ್ವಜದ ಹಿಂದೆ ಗುಟ್ಟು ಕಾಪಾಡಿದ ಮನೆಗಳೂ ಇವೆ ಎಂಬುದನ್ನು ಇಂದು ಧ್ಯಾನಿಸೋಣ.

ಪ್ಯಾರಿಸ್ ನಗರದ ಒಂದು ವಸ್ತುಸಂಗ್ರಹಾಲಯದಲ್ಲಿ ಸುಮಾರು 100 ಮೆಟ್ಟಿಲು ಇಳಿದರೆ, 20 ಮೀಟರ್ ಆಳದಲ್ಲಿ ಕೆಲವು ಕೋಣೆಗಳಿವೆ. 1944ರ ಆಗಸ್ಟ್‌ನಲ್ಲಿ ಜರ್ಮನ್ ಸೇನೆಯ ವಿರುದ್ಧ ಪ್ಯಾರಿಸ್ ಜನರ ಹೋರಾಟವನ್ನು ಕರ್ನಲ್ ರೋಲ್ ತಾಂಗಿ ಅಲ್ಲಿಂದಲೇ ನಡೆಸಿದರು. ಅವರ ಪತ್ನಿ ಸೆಸಿಲ್ ಮಗುವಿನ ತಳ್ಳುಗಾಡಿಯಲ್ಲಿ ಗುಟ್ಟಿನ ಕಾಗದಗಳನ್ನು ಅಡಗಿಸಿ ಸಾಗಿಸಿದ ತಾಯಿ. ಆಗಸ್ಟ್ 25ರಂದು ನಗರ ಬಿಡುಗಡೆಯಾಯಿತು. 75 ವರ್ಷಗಳ ಬಳಿಕ, 2019ರ ಅದೇ ದಿನ, ಆ ಜಾಗ ಜನರಿಗಾಗಿ ತೆರೆಯಿತು.

ಅಷ್ಟು ದೂರ ಏಕೆ? ನೆಲ್ಯಾಡಿಯಿಂದ ಸುಳ್ಯ ಎಷ್ಟು ದೂರ? 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದರು. ರೈತನ ಕೈಯಲ್ಲಿ ಹಣವೆಲ್ಲಿ? 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರಂತಹ ಹಿರಿಯರು ಜನರನ್ನು ಕೂಡಿಸಿದರು. ಮದುವೆಯ ನೆಪದಲ್ಲಿ ಜನ ಸೇರಿದರೆಂದು ಸುಳ್ಯದ ಕಡೆ ಇಂದಿಗೂ ಹೇಳುತ್ತಾರೆ. ಬೆಳ್ಳಾರೆಯ ಖಜಾನೆ ವಶವಾಯಿತು, ಏಪ್ರಿಲ್‌ನಲ್ಲಿ ಮಂಗಳೂರೂ ಅವರದಾಯಿತು. ಎರಡು ವಾರದೊಳಗೆ ಸೇನೆ ಬಂದು ಎಲ್ಲವನ್ನೂ ಅಡಗಿಸಿತು, ಮುಂದಾಳುಗಳು ಗಲ್ಲಿಗೇರಿದರು. ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ. ಆದರೆ ಆ ಜನರಿಗೆ ಗಂಜಿ ಬೇಯಿಸಿದ ತಾಯಂದಿರಿಗೆ, ಬಾಯಿಬಿಡದ ನೆರೆಯವರಿಗೆ ಪ್ರತಿಮೆಯಿಲ್ಲ.

ನಾವು ಕೋವಿ ಕತ್ತಿಯನ್ನು ಹೊಗಳುತ್ತಿಲ್ಲ. ಆಸರೆ ಕೊಟ್ಟ ಮನೆಯನ್ನು ನೆನೆಯುತ್ತಿದ್ದೇವೆ. ಇಂದಿನ ಶುಭಸಂದೇಶವೂ ಮನೆಯೊಳಗಿನ ಮಾತೇ. ಹೆರೋದನ ಆಳ್ವಿಕೆಯ ಕಾಲ. ಎಲಿಜಬೇತಮ್ಮ ಐದು ತಿಂಗಳು ಮರೆಯಲ್ಲಿದ್ದವರು. ಮರಿಯಮ್ಮ ಗುಡ್ಡಗಾಡಿನ ದಾರಿ ಹಿಡಿದು ಅವರ ಮನೆಗೆ ಬಂದರು. ಬಲಾಢ್ಯರು ಕೆಳಗಿಳಿಯುವರು, ದೀನರು ಮೇಲೇರುವರು ಎಂಬ ಸ್ತುತಿ ಮೊದಲು ಕೇಳಿಬಂದದ್ದು ಅರಮನೆಯಲ್ಲಲ್ಲ, ಸಂತೆಯಲ್ಲೂ ಅಲ್ಲ, ಇಬ್ಬರು ಬಸುರಿಯರು ಕೂಡಿದ ಆ ಮನೆಯಲ್ಲಿ.

ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಕೇರಳದಿಂದ ಬಂದು, ಈ ಕಾಡಂಚಿನಲ್ಲಿ ಗುಡಿಸಲು ಕಟ್ಟಿದವರು. ಮೊದಲ ರಾತ್ರಿಗಳಲ್ಲಿ ಅವರಿಗೆ ಜಗಲಿ ಬಿಟ್ಟುಕೊಟ್ಟವರು ಯಾರು? ಅಜ್ಜ ಅಜ್ಜಿಯರು ಇರುವಾಗಲೇ ಕೇಳಿ ಬರೆದಿಡೋಣ. ಹಳೆಯ ಮನೆ ಕೆಡವಿ ತಾರಸಿ ಕಟ್ಟುವಾಗ ಕತೆಯನ್ನೂ ಕೆಡವದಿರೋಣ. ಒಂದು ಭಾನುವಾರ ಮಕ್ಕಳನ್ನು ಬೆಳ್ಳಾರೆಗೆ ಕರೆದೊಯ್ಯೋಣ.

ಇನ್ನೊಂದು ಮಾತು ಹೆಚ್ಚು ಕಷ್ಟದ್ದು. ಸಾಲಗಾರನಿಗೆ ಹೆದರಿದವನು, ಗಂಡನ ಹೊಡೆತಕ್ಕೆ ಓಡಿಬಂದ ಹೆಣ್ಣುಮಗಳು, ಕೂಲಿ ಸಿಗದ ಪರವೂರಿನ ಹುಡುಗ ಇಂದು ರಾತ್ರಿ ಕದ ತಟ್ಟಿದರೆ ನಮ್ಮ ಮನೆ ಎಂತಹ ಮನೆಯಾದೀತು? ಎಲಿಜಬೇತಮ್ಮನ ಹೊಸ್ತಿಲು ದಾಟಿದ ಮರಿಯಮ್ಮ ನಮ್ಮ ಹೊಸ್ತಿಲಿಗೂ ಬರಲಿ, ಕದ ತೆರೆಯುವ ಧೈರ್ಯವನ್ನು ನಮಗೆ ಬೇಡಿ ಕೊಡಲಿ. ಆಮೆನ್.