ಹೊಲದ ಸಾರ, ಬಾವಿಯ ದೋಷ

ನೀರನ್ನು ಕುದಿಸಿ ಆರಿಸಿ ಕುಡಿಯಬೇಕೆಂಬುದು ವಿದ್ಯಾವಂತರ ಮನೆಗಳಲ್ಲಿ ಎಲ್ಲರೂ ಬಲ್ಲ ನಿಯಮವಾಗಿದೆ. ವಾಂತಿಭೇದಿ, ವಿಷಮಶೀತಜ್ವರ ಮೊದಲಾದ ರೋಗಗಳ ಕ್ರಿಮಿಗಳು ಕುದಿಯುವ ನೀರಿನಲ್ಲಿ ನಾಶವಾಗುವುವು. ಈ ನಿಯಮದಿಂದ ಉಳಿದ ಜೀವಗಳು ಎಷ್ಟೋ. ಆದರೆ ಕುದಿಸಿದಷ್ಟೂ ಹೆಚ್ಚುವ ದೋಷವೊಂದು ನೀರಿನಲ್ಲಿ ಇರುವುದುಂಟು. ಅದೇ ನೈಟ್ರೇಟು. ಕುದಿಸಿದಾಗ ನೀರು ಆವಿಯಾಗಿ ಹೋಗುವುದು; ನೈಟ್ರೇಟು ಪಾತ್ರೆಯಲ್ಲಿಯೇ ಉಳಿದು ಗಾಢವಾಗುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಬಟ್ಟೆಯಲ್ಲಿ ಸೋಸಿದರೂ ಪಟಿಕವನ್ನು ತಿರುಗಿಸಿದರೂ ಹೋಗದು. ಇದು ಎಲ್ಲಿಂದ ಬರುವುದು, ಯಾರಿಗೆ ಕೇಡು, ಪರಿಹಾರವೇನು ಎಂಬುದನ್ನು ಇಂದು ವಿಚಾರ ಮಾಡೋಣ.

ನೈಟ್ರೇಟು ನಮಗೆ ಹೊಸ ವಸ್ತುವಲ್ಲ. ಮದ್ದುಗುಂಡಿಗೂ ಬಾಣಬಿರುಸಿಗೂ ನಮ್ಮ ಹಿರಿಯರು ಬಳಸುತ್ತಿದ್ದ ಪೆಟ್ಲುಪ್ಪು ನೈಟ್ರೇಟಿನ ಒಂದು ಲವಣವೇ. ದನಗಳ ಗಂಜಲವು ಇಂಗಿದ ನೆಲದಲ್ಲಿ, ಹಳೆಯ ಮಣ್ಣಿನ ಗೋಡೆಗಳ ಬುಡದಲ್ಲಿ ಅದು ಬಿಳಿಯ ಹುಡಿಯಾಗಿ ಮೂಡುವುದುಂಟು. ಇದನ್ನು ಮಾಡುವವು ಮಣ್ಣಿನಲ್ಲಿರುವ ಅಣುಜೀವಿಗಳು. ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಪಂಡಿತರು 1877ರಲ್ಲಿ ಕೊಳಚೆ ನೀರನ್ನು ಮರಳಿನ ಮೂಲಕ ನಿಧಾನವಾಗಿ ಇಳಿಸಿದಾಗ ಅದರೊಳಗಿನ ಅಮೋನಿಯಾ ನೈಟ್ರೇಟಾಗಿ ಮಾರ್ಪಟ್ಟಿತು. ಮರಳಿಗೆ ಕ್ಲೋರೋಫಾರ್ಮಿನ ಆವಿಯನ್ನು ಕೊಟ್ಟಾಗ ಆ ಕಾರ್ಯವು ನಿಂತುಹೋಯಿತು. ಜೀವಿಗಳ ಕಾರ್ಯವಲ್ಲದಿದ್ದರೆ ಅದು ಹಾಗೆ ನಿಲ್ಲುತ್ತಿರಲಿಲ್ಲ.

ಸಸ್ಯಗಳು ಈ ನೈಟ್ರೇಟನ್ನು ಬೇರಿನಿಂದ ಹೀರಿ ಸಸಾರಜನಕವನ್ನು, ಅಂದರೆ ಪ್ರೋಟೀನನ್ನು, ಕಟ್ಟಿಕೊಳ್ಳುವುವು. ನಮ್ಮ ರೊಟ್ಟಿಯಲ್ಲಿಯೂ ಬೇಳೆಯಲ್ಲಿಯೂ ಇರುವ ಪುಷ್ಟಿಗೆ ಸಾರಜನಕವೇ ಆಧಾರ. ಆದುದರಿಂದ ನೈಟ್ರೇಟು ಸ್ವಭಾವತಃ ವಿಷವೆಂದು ಹೇಳಲಾಗದು. ಅದು ಬೇರಿಗೆ ಸಿಕ್ಕಿದರೆ ಅನ್ನ. ಬೇರನ್ನು ದಾಟಿ ಬಾವಿಗೆ ಇಳಿದರೆ ಕೇಡು.

ಹೀಗೆ ದಾಟಿ ಇಳಿಯುವ ಬಗೆಯನ್ನು ತಿಳಿಯಲು ಕೃಷ್ಣಾ ಭೀಮಾ ನದಿಗಳ ನಡುವಣ ಸೀಮೆಯನ್ನು ನೋಡೋಣ. ಶಹಾಪುರದಿಂದ ಯಾದಗಿರಿಗೆ ಹೋಗುವ ದಾರಿಯಲ್ಲಿ ದೋರನಹಳ್ಳಿ ಎಂಬ ದೊಡ್ಡ ಗ್ರಾಮವಿದೆ. ಶಹಾಪುರ ಸುರಪುರಗಳ ಈ ನಾಡು ಹಿಂದೆ ಮಳೆಯನ್ನೇ ನಂಬಿ ಜೋಳ, ತೊಗರಿಗಳನ್ನು ಬೆಳೆಯುತ್ತಿತ್ತು. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಪೂರ್ಣವಾಗಿ, ಬಸವಸಾಗರದ ಕಾಲುವೆಗಳು ಹರಿದ ಮೇಲೆ ಭತ್ತವೂ ಹತ್ತಿಯೂ ಹಬ್ಬಿದವು; ಅವುಗಳೊಡನೆ ಯೂರಿಯಾ ಗೊಬ್ಬರವೂ ಬಂದಿತು. ನೀರು ಬಂದುದರಿಂದ ನಾಡಿಗೆ ಆದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಮಣ್ಣಿನ ಗುಣವೊಂದನ್ನು ಮರೆಯಬಾರದು. ಎರೆಮಣ್ಣಿನ ಸೂಕ್ಷ್ಮ ಕಣಗಳ ಮೇಲೆ ಋಣವಿದ್ಯುತ್ತು ಇರುವುದು, ನೈಟ್ರೇಟಿನಲ್ಲಿಯೂ ಋಣವಿದ್ಯುತ್ತೇ. ಆದುದರಿಂದ ಮಣ್ಣು ಅಮೋನಿಯಾದ ಲವಣಗಳನ್ನು ಹಿಡಿದಿಡುವಂತೆ ನೈಟ್ರೇಟನ್ನು ಹಿಡಿದಿಡಲಾರದು. ನೀರು ಹೋದ ಕಡೆಗೆ ಅದು ಹೋಗುವುದು. ಬೇಸಗೆಯಲ್ಲಿ ಎರೆಯ ಹೊಲವು ಬಿರಿಯುವುದನ್ನು ನೋಡಿದವರಿಗೆ, ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ಎಷ್ಟು ಬೇಗ ಆಳಕ್ಕೆ ಇಳಿಯುವುದೆಂದು ಹೇಳಬೇಕಾಗಿಲ್ಲ. ಭತ್ತದ ಗದ್ದೆಯಲ್ಲಿ ಬೇರೊಂದು ನಷ್ಟವುಂಟು. ಅಲ್ಲಿ ನಿಂತ ನೀರಿನ ಕೆಳಗೆ ಗಾಳಿಯಿಲ್ಲದ ಕೆಸರಿನಲ್ಲಿ ಇತರ ಅಣುಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ವಾಯುವಾಗಿ ಹಾರಿಸಿಬಿಡುವುವು.

ಒಂದು ಸಣ್ಣ ಲೆಕ್ಕವನ್ನು ಗಮನಿಸಿ. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ 45 ಮಿಲಿಗ್ರಾಮಿಗಿಂತ ಹೆಚ್ಚು ನೈಟ್ರೇಟು ಇರಕೂಡದು. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಸುಮಾರು 2.2 ಕಿಲೋ ಯೂರಿಯಾದಲ್ಲಿ ಇರುವ ಒಂದು ಕಿಲೋ ಸಾರಜನಕವು ಬೆಳೆಗೆ ದಕ್ಕದೆ ನೈಟ್ರೇಟಾಗಿ ಇಳಿದರೆ, ಸುಮಾರು ಒಂದು ಲಕ್ಷ ಲೀಟರ್ ನಿರ್ಮಲವಾದ ನೀರು ಈ ಮಿತಿಯ ಅಂಚಿಗೆ ಬರುವುದು. ದೋಷವೆಲ್ಲ ಹೊಲದ್ದೇ ಎಂದು ನಗರದವರು ನಿಶ್ಚಿಂತರಾಗಿರುವಂತಿಲ್ಲ. ಬಾವಿಯ ಬಳಿಯ ತಿಪ್ಪೆ, ಕಕ್ಕಸಿನ ಗುಂಡಿ, ಒಡೆದ ಚರಂಡಿ ಇವೂ ಅದೇ ನೈಟ್ರೇಟನ್ನು ಕೊಳವೆಬಾವಿಗೆ ಇಳಿಸುವುವು.

ಕೇಡು ಮೊದಲು ತಟ್ಟುವುದು ಆರು ತಿಂಗಳು ತುಂಬದ, ಬಾಟಲಿಯ ಹಾಲು ಕುಡಿಯುವ ಕೂಸಿಗೆ. ನೈಟ್ರೇಟು ದೇಹದಲ್ಲಿ ನೈಟ್ರೈಟಾಗಿ ಮಾರ್ಪಟ್ಟು, ರಕ್ತದ ಕೆಂಪು ವರ್ಣದ್ರವ್ಯವು ಆಮ್ಲಜನಕವನ್ನು ಹೊರಲಾರದಂತೆ ಮಾಡುವುದು. ದೊಡ್ಡವರ ರಕ್ತವು ಇದನ್ನು ಸರಿಪಡಿಸಿಕೊಳ್ಳಬಲ್ಲದು. ಎಳೆಗೂಸಿಗೆ ಆ ಶಕ್ತಿ ಸಾಲದು. ತುಟಿ, ಉಗುರು, ಮೈ ನೀಲಿಗಟ್ಟುವುವು. ಅಮೆರಿಕದ ಅಯೋವಾ ಪ್ರಾಂತದ ವೈದ್ಯರಾದ ಕಾಮ್ಲಿಯವರು ಹಳ್ಳಿಯ ಬಾವಿಯ ನೀರಿಗೂ ಇಂಥ ನೀಲಿ ಕೂಸುಗಳಿಗೂ ಇರುವ ಸಂಬಂಧವನ್ನು 1945ರಲ್ಲಿ ಪ್ರಕಟಿಸಿದರು. ತಾಯಿಯಾದವಳು ಅಕ್ಕರೆಯಿಂದ ಮತ್ತೆ ಮತ್ತೆ ಕುದಿಸಿದ ನೀರೇ ಕೂಸಿಗೆ ಹೆಚ್ಚು ಅಪಾಯಕರವಾಗಬಹುದೆಂಬುದು ಎಂಥ ವಿಪರ್ಯಾಸ! ಬರದಲ್ಲಿ ಬಾಡಿದ, ಗೊಬ್ಬರ ಹೆಚ್ಚಾಗಿ ಉಂಡ ಜೋಳದ ಮೇವಿನಲ್ಲಿಯೂ ನೈಟ್ರೇಟು ಕೂಡಿಕೊಂಡು ದನಗಳನ್ನು ಕೊಲ್ಲುವುದುಂಟು.

ಇದು ಒಂದು ಸೀಮೆಯ ಮಾತಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದಿಂದ ಪರೀಕ್ಷೆಗೊಂಡ ನೀರಿನ ಮಾದರಿಗಳಲ್ಲಿ ಸುಮಾರು ಅರ್ಧದಷ್ಟು ಮಿತಿಯನ್ನು ಮೀರಿದ್ದವು.

ಪರಿಹಾರವು ಅಸಾಧ್ಯವೇನಲ್ಲ. ಮೊದಲನೆಯದಾಗಿ, ಬಾವಿಯ ನೀರನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಬೇಕು. ನೆರೆಹೊರೆಯ ಎರಡು ಬಾವಿಗಳ ನೀರು ಒಂದೇ ಬಗೆಯದಾಗಿರಬೇಕೆಂದಿಲ್ಲ. ಎರಡನೆಯದಾಗಿ, ಎಳೆಗೂಸಿಗೆ ತಾಯಿಯ ಹಾಲೇ ಶ್ರೇಷ್ಠ. ನೀರಿನಲ್ಲಿ ನೈಟ್ರೇಟು ಮಿತಿಯೊಳಗಿದ್ದರೆ ತಾಯಿಯ ಹಾಲಿನಿಂದ ಕೂಸಿಗೆ ಈ ಭಯವಿಲ್ಲ. ಬಾಟಲಿಯ ಹಾಲು ಅನಿವಾರ್ಯವಾದರೆ ಪರೀಕ್ಷಿತವಾದ ನೀರನ್ನೇ ಬಳಸಬೇಕು. ಹಳ್ಳಿಗಳ ಶುದ್ಧನೀರಿನ ಘಟಕಗಳಲ್ಲಿರುವ ಸೂಕ್ಷ್ಮಪೊರೆಯು ನೈಟ್ರೇಟನ್ನು ಬಹುಮಟ್ಟಿಗೆ ತಡೆಯುವುದು. ಆದರೆ ಅದು ಹೊರಚೆಲ್ಲುವ ಗಾಢವಾದ ನೀರನ್ನು ಬಾವಿಯ ಬಳಿ ಇಂಗಗೊಟ್ಟರೆ ದೋಷವು ತಿರುಗಿ ಬಾವಿಗೇ ಬರುವುದು.

ಹೊಲದಲ್ಲಿ ಯೂರಿಯಾವನ್ನು ಒಮ್ಮೆಗೇ ಎರಚದೆ ಬೆಳೆಯ ಹಸಿವನ್ನು ನೋಡಿ ಎರಡು ಮೂರು ಕಂತುಗಳಲ್ಲಿ ಕೊಡುವುದು ಲೇಸು. 2015ರಿಂದ ನಮ್ಮ ದೇಶದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯನ್ನು ಲೇಪಿಸುವ ವಿಧಿಯಿದೆ. ಬೇವು ಅಣುಜೀವಿಗಳ ಕಾರ್ಯವನ್ನು ನಿಧಾನಗೊಳಿಸಿ ಸಾರಜನಕವನ್ನು ಕೆಲಕಾಲ ಮಣ್ಣಿನಲ್ಲಿ ನಿಲ್ಲಿಸುವುದು. ಎಲ್ಲಕ್ಕಿಂತ ಮಿಗಿಲಾಗಿ, ಆ ಸೀಮೆಯ ಹಳೆಯ ತೊಗರಿಯನ್ನು ಮರೆಯಬಾರದು. ಅದರ ಬೇರಿನ ಗಂಟುಗಳಲ್ಲಿ ವಾಸಿಸುವ ಜೀವಿಗಳು ಗಾಳಿಯ ಸಾರಜನಕವನ್ನೇ ಹಿಡಿದು ಬೆಳೆಗೆ ಒಪ್ಪಿಸುವುವು. ಜೋಳದೊಡನೆ ತೊಗರಿಯ ಸಾಲನ್ನು ಹಾಕಿದ ರೈತನಿಗೆ ಗೊಬ್ಬರದ ವೆಚ್ಚವೂ ಉಳಿಯುವುದು, ಊರಿನ ಬಾವಿಯ ಮೇಲಣ ಭಾರವೂ ಅಷ್ಟು ಇಳಿಯುವುದು. ನಗರದ ನಾವು ತೊಗರಿಬೇಳೆಗೆ ಯೋಗ್ಯವಾದ ಬೆಲೆಯನ್ನು ತೆತ್ತರೆ, ದೂರದ ಆ ಬಾವಿಗಳ ರಕ್ಷಣೆಯಲ್ಲಿ ನಮ್ಮದೂ ಒಂದು ಪಾಲು ಸೇರುವುದು.