ಎಲ್ಲರೂ ಬರೆಯುವ ಪುಸ್ತಕ



ಮೊದಲು ನಾವು ಸಂಘದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಬರೆದವರು ಬರೆದದ್ದೇ ಲೆಕ್ಕ. ಈಗ ನಾವೇ ಓದುತ್ತೇವೆ. "ಈ ಐವತ್ತು ರೂಪಾಯಿ ಎಲ್ಲಿ ಹೋಯ್ತು?" ಅಂತ ಕೇಳುತ್ತೇವೆ. ತಪ್ಪಿದ್ದರೆ ತಿದ್ದಿಸುತ್ತೇವೆ.

ಮೊಬೈಲಿನಲ್ಲೂ ಅಂಥದೇ ಒಂದು ದೊಡ್ಡ ಪುಸ್ತಕ ಇದೆ. ಅದರ ಹೆಸರು ವಿಕಿಪೀಡಿಯ. ಅದು 2001ರಲ್ಲಿ ಶುರುವಾಯಿತು. 2003ರಲ್ಲಿ ಕನ್ನಡದಲ್ಲೂ ಬಂತು. ಊರು, ನದಿ, ಬೆಳೆ, ರೋಗ, ಕಾನೂನು, ಹೀಗೆ ನೂರಾರು ವಿಷಯ ಅದರಲ್ಲಿ ಸಿಗುತ್ತದೆ. ಓದಲು ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಇದನ್ನು ಬರೆಯುವವರು ಯಾರು? ನಮ್ಮ ನಿಮ್ಮಂಥ ಜನರೇ. ಅವರಿಗೆ ಸಂಬಳ ಇಲ್ಲ. ಯಾರು ಬೇಕಾದರೂ ಬರೆಯಬಹುದು. ಇನ್ನೊಬ್ಬರು ಅದನ್ನು ತಿದ್ದಬಹುದು.

"ಯಾರು ಬೇಕಾದರೂ ಬರೆದರೆ ನಂಬೋದು ಹೆಂಗೆ?" ಅಂತ ನೀವು ಕೇಳಬಹುದು. ಕೇಳಲೇಬೇಕಾದ ಮಾತು.

ಅಮೆರಿಕದಲ್ಲಿ ಜಾನ್ ಸೀಗೆಂಥಾಲರ್ ಎಂಬ ಹಿರಿಯ ಪತ್ರಕರ್ತರಿದ್ದರು. ಆ ದೇಶದ ಅಧ್ಯಕ್ಷ ಕೆನಡಿ 1963ರಲ್ಲಿ ಕೊಲೆಯಾಗಿದ್ದರು. ಆ ಕೊಲೆಯಲ್ಲಿ ಈ ಪತ್ರಕರ್ತರ ಮೇಲೂ ಅನುಮಾನ ಇತ್ತು ಎಂದು 2005ರಲ್ಲಿ ಯಾರೋ ವಿಕಿಪೀಡಿಯದಲ್ಲಿ ಬರೆದರು. ಅದು ಶುದ್ಧ ಸುಳ್ಳು. ಆದರೂ ಸುಮಾರು ನಾಲ್ಕು ತಿಂಗಳು ಹಾಗೇ ಉಳಿಯಿತು. ಅಷ್ಟು ದಿನ ಯಾರೂ ಅದನ್ನು ಹಿಡಿಯಲಿಲ್ಲ.

ಅದೇ ವರ್ಷ ನೇಚರ್ ಎಂಬ ವಿಜ್ಞಾನ ಪತ್ರಿಕೆ ಒಂದು ಪರೀಕ್ಷೆ ಮಾಡಿಸಿತು. ವಿಕಿಪೀಡಿಯದ ಬರಹಗಳನ್ನೂ ಹೆಸರಾದ ಬ್ರಿಟಾನಿಕಾ ವಿಶ್ವಕೋಶದ ಬರಹಗಳನ್ನೂ ತಿಳಿದವರ ಕೈಗೆ ಕೊಟ್ಟಿತು. ಎರಡರಲ್ಲೂ ತಪ್ಪು ಸಿಕ್ಕವು. ನೋಡಿ, ಪಂಡಿತರ ಪುಸ್ತಕದಲ್ಲೂ ತಪ್ಪು ಇರುತ್ತದೆ!

ಹಾಗಾದರೆ ಏನು ಮಾಡೋಣ? ಪುಟದ ಕೊನೆಗೆ 'ಉಲ್ಲೇಖಗಳು' ಎಂದು ಇರುತ್ತದೆ. ಮಾತು ಎಲ್ಲಿಂದ ಬಂತು ಎಂದು ಅಲ್ಲಿ ತಿಳಿಯುತ್ತದೆ. ಆಧಾರ ಇಲ್ಲದ ಮಾತನ್ನು ಕೂಡಲೇ ನಂಬಬಾರದು. ಪ್ರತಿ ಪುಟಕ್ಕೂ ಒಂದು 'ಇತಿಹಾಸ' ಇದೆ. ಯಾವಾಗ ಏನು ತಿದ್ದಿದರು ಎಂಬುದು ಅಲ್ಲಿ ಕಾಣುತ್ತದೆ. ರೋಗದ ವಿಷಯ ಓದಿ ತಿಳಿಯೋಣ. ಆದರೆ ಮಗುವಿಗೆ ಜ್ವರ ಬಂದಾಗ ಯಾವ ಔಷಧಿ, ಎಷ್ಟು ಅಂತ ಡಾಕ್ಟರನ್ನೇ ಕೇಳೋಣ.

ಯಾರೂ ತೆರೆದು ನೋಡದಿದ್ದರೆ ಸಂಘದ ಲೆಕ್ಕ ಕೆಡುತ್ತದೆ. ಈ ಪುಸ್ತಕವೂ ಹಾಗೆಯೇ. ಓದುವ ಕಣ್ಣು ಹೆಚ್ಚಿದಷ್ಟೂ ತಪ್ಪು ಕಡಿಮೆ ಆಗುತ್ತದೆ.

ಓದೋಣ. ಆಧಾರ ಕೇಳೋಣ. ತಪ್ಪು ಕಂಡರೆ ಆಧಾರ ತೋರಿಸಿ ತಿದ್ದೋಣ. ಹೆಬ್ಬೆಟ್ಟು ಬಿಟ್ಟವರು ನಾವು. ಬರೆದದ್ದಕ್ಕೆಲ್ಲ ಸುಮ್ಮನೆ ಹೂಂ ಅನ್ನುವುದನ್ನೂ ಬಿಡೋಣ.